ಕೃಷ್ಣಪ್ಪ ಉಂಡ ಅನ್ನ

ಆ ಏಪ್ರಿಲಿನಲ್ಲಿ ದುಬೈಗೆ ಬಿದ್ದ ಮಳೆಯನ್ನು ನೋಡದವರಿಗೆ ವಿವರಿಸುವುದು ಕಷ್ಟ. ಊದ್ ಮೇಥಾದ ನಮ್ಮ ಕಟ್ಟಡದ ಬೇಸ್‌ಮೆಂಟಿನಲ್ಲಿ ಕಾರುಗಳು ತೇಲತೊಡಗಿ, ಲಿಫ್ಟ್ ನಿಂತು, ಸಂಜೆಯ ಹೊತ್ತಿಗೆ ಕರೆಂಟೂ ಹೋಯಿತು. ನಾನೂ ನನ್ನ ಹೆಂಡತಿ ಅಕ್ಷಿತಾಳೂ ಎದುರು ಫ್ಲ್ಯಾಟಿನ ಟೀನಾಳ ಮನೆಗೆ ಹೋಗಿ ಕೂತೆವು. ಅವಳಲ್ಲಿ ಗ್ಯಾಸ್ ಒಲೆಯಿತ್ತು, ನಮ್ಮದು ಕರೆಂಟಿನ ಒಲೆ. ಅವರದು ಕೊಂಕಣಿ, ನಮ್ಮದು ತುಳು. ಎರಡು ಮನೆಯವರು ಸೇರಿದರೆ ಮಾತು ತಾನಾಗಿ ಕನ್ನಡಕ್ಕೆ ಬರುತ್ತಿತ್ತು.

ಟೀನಾಳ ತಂದೆ ನಾರ್ಬರ್ಟ್ ಪಾಯ್ಸ್ ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಕೂತು ಮಳೆಯನ್ನು ಬೈಯುತ್ತಿದ್ದರು. ನಿವೃತ್ತರಾದ ಮೇಲೆ ಅವರಿಗೆ ಬೈಯಲು ದಿನಕ್ಕೊಂದು ವಸ್ತು ಬೇಕಿತ್ತು. ಮೊಮ್ಮಗಳು ಆಶ್ಲೆ ಮೇಣದಬತ್ತಿಯ ಬೆಳಕಿನಲ್ಲಿ ಶಾಲೆಯ ಪ್ರಾಜೆಕ್ಟ್ ಬರೆಯುತ್ತಿದ್ದಳು. ಏನು ಬರೆಯುತ್ತಿದ್ದೀ ಎಂದು ನಾನು ಕೇಳಿದೆ. ಲೋಕದ ಮೂಲನಿವಾಸಿಗಳ ನೆಲವನ್ನು ಯಾರು ಕಿತ್ತುಕೊಂಡರು, ಈಗ ನಾವು ಅವರ ಜೊತೆ ನಿಲ್ಲುವುದು ಹೇಗೆ ಎಂಬ ವಿಷಯವಂತೆ.

“ಇಟ್ಸ್ ಈಸಿ ಅಂಕಲ್. ದ ಬ್ರಿಟಿಷ್ ಡಿಡ್ ಇಟ್,” ಅಂದಳು.

ಪಾಯ್ಸ್ ಅಂಕಲ್ ಮಳೆಯನ್ನು ಬಿಟ್ಟು ನಮ್ಮ ಕಡೆ ತಿರುಗಿದರು. ಆಮೇಲೆ ಟೀನಾಳನ್ನೂ ಅಡುಗೆಮನೆಯಿಂದ ಕರೆದು ಕೂರಿಸಿ ಶುರು ಮಾಡಿದರು.

“ಬ್ರಿಟಿಷರು ಮಾಡಿದ್ದು ಸುಳ್ಳಲ್ಲ ಮಗಾ, ಬರಿ. ಆದರೆ ಬರೆದು ಮುಗಿಸುವ ಮೊದಲು ಇದೊಂದು ಕೇಳು. ನೀವೂ ಕೇಳಿ ಮಾರಾಯ್ರೆ, ಹೇಗೂ ಈ ಮಳೆಗೆ ಎಲ್ಲಿಗೂ ಹೋಗ್ಲಿಕ್ಕಿಲ್ಲ. ದೆವ್ವದ ಕತೆ ಅಂತ ನಗಾಡ್ಬೇಡಿ. ಯಾರೋ ಹೇಳಿದ್ದನ್ನು ಹೇಳುವುದಲ್ಲ ನಾನು... ಆ ಮನೆಯ ಮೇಜಿನಲ್ಲಿ ಕೂತು ಉಂಡವ.

“ಜೆಬೆಲ್ ಅಲಿಯಲ್ಲಿ ನಾನು ಜಯಪಾಲರ ಕಂಪನಿಯಲ್ಲಿ ಸೂಪರ್‌ವೈಸರ್ ಆಗಿದ್ದೆ, ಗೋದಾಮುಗಳನ್ನು ಕ್ಲೀನ್ ಮಾಡಿ ಕೊಡುವ ಕಂಪನಿ. ಜಯಪಾಲರು ಉಡುಪಿ ಕಡೆಯ ದೊಡ್ಡ ಮನೆತನದವರು. ಅಬುಧಾಬಿಯಲ್ಲಿ, ಅಲ್ ರೀಮ್ ಐಲ್ಯಾಂಡಿನಲ್ಲಿ ಮನೆ, ಕಿಟಕಿ ತೆಗೆದರೆ ಸಮುದ್ರ. ಮನೆಯಲ್ಲಿ ಅವರ ತಾಯಿ ವಾರಿಜಾಕ್ಷಿ ಅಮ್ಮ, ಹೆಂಡತಿ ಅಶ್ಮಿತಾ, ಆರು ವರ್ಷದ ಮಗ ಸುಮಿತ್. ಕೆಟ್ಟವರಾ ಅಂತ ಕೇಳಿದರೆ ಅಲ್ಲ. ಕೆಟ್ಟವರಾಗಿದ್ದರೆ ಈ ಕತೆ ಹೇಳ್ಲಿಕ್ಕೆ ನನಗೆ ಇಷ್ಟು ಕಷ್ಟ ಆಗ್ತಿರ್ಲಿಲ್ಲ.

“ನಮ್ಮಲ್ಲಿಗೆ ಕೃಷ್ಣಪ್ಪ ಅಂತ ಒಬ್ಬ ಕೆಲಸಕ್ಕೆ ಬಂದ, ಕಾರ್ಕಳದ ಆಚೆಯವ. ಕ್ಯಾಂಪಿನಲ್ಲಿ ಊಟ ಹೇಗೆ ಗೊತ್ತುಂಟಾ? ನೆಲಕ್ಕೆ ಪ್ಲಾಸ್ಟಿಕ್ ಹಾಸಿ, ನಡುವೆ ಒಂದು ದೊಡ್ಡ ತಟ್ಟೆ ಇಟ್ಟು, ಪಠಾಣ, ಬಿಹಾರಿ, ನಮ್ಮ ಊರಿನ ಹುಡುಗರು ಎಲ್ಲ ಸುತ್ತ ಕೂತು ಒಂದೇ ಅನ್ನಕ್ಕೆ ಕೈ ಹಾಕುವುದು. ಆ ಕೃಷ್ಣಪ್ಪ ಉಣ್ಣುವುದನ್ನು ನೀವು ನೋಡ್ಬೇಕಿತ್ತು... ನೀರಿನಂಥ ದಾಲ್ ಅನ್ನವನ್ನು ಮದುವೆ ಊಟದ ಹಾಗೆ, ನಿಧಾನಕ್ಕೆ, ಪಕ್ಕದವನ ಕೈ ತಾಗಿದರೆ ನಗ್ತಾ ಉಣ್ತಿದ್ದ. ಇವನಿಗೆ ಎಂತ ಇಷ್ಟು ಖುಷಿ ಅಂತ ನನಗೆ ತಲೆಗೆ ಹೋಗ್ತಿರ್ಲಿಲ್ಲ. ಮತ್ತೆ ಗೊತ್ತಾಯಿತು. ಅವ ಕೊರಗರವ. ಊರಿನಲ್ಲಿ ಅವನನ್ನು ಯಾರೂ ಹಾಗೆ ಒಟ್ಟಿಗೆ ಕೂರಿಸಿಕೊಂಡು ಉಂಡದ್ದಿಲ್ಲ. ಇಲ್ಲಿ ಯಾರಿಗೂ ಗೊತ್ತಿರ್ಲಿಲ್ಲ. ಪಾಸ್‌ಪೋರ್ಟಿನಲ್ಲಿ ಜಾತಿ ಬರೀತಾರಾ? ಇಲ್ಲ. ಇಲ್ಲಿ ಅವ ಬರೀ ಕೃಷ್ಣಪ್ಪ.

“ಆಶ್ಲೆ, ಇದು ನಿನಗೆ. ನಮ್ಮ ಊರಿನ ಮಣ್ಣಿಗೆ ನಮಗಿಂತ ಮೊದಲು ಬಂದವರು ಕೊರಗರು. ಒಂದು ಕಾಲದಲ್ಲಿ ಅವರದ್ದೇ ಅರಸ ಇದ್ದ ಅಂತ ಹೇಳ್ತಾರೆ. ಮತ್ತೆ ಬಂದವರೆಲ್ಲ ಸೇರಿ ಅವರನ್ನು ಊರ ಹೊರಗೆ ಹಾಕಿದ್ದು. ನಮ್ಮ ಕ್ರಿಸ್ತುವರೇನು ಕಡಿಮೆಯಾ? ಪೋರ್ಚುಗೀಸರು ಬಂದು ನಮ್ಮನ್ನು ಪಾಯ್ಸ್ ಮಾಡಿದರು, ಡಿಸೋಜ ಮಾಡಿದರು. ಹೆಸರು ಬದಲಾಯಿತು, ಜಾತಿ ಬಿಡ್ಲಿಲ್ಲ ನಾವು.

“ಅಶ್ಮಿತಾ ಓದಿದ ಹೆಂಗಸು. ಅಮೆರಿಕದ್ದು, ಆಸ್ಟ್ರೇಲಿಯದ್ದು, ಮೂಲನಿವಾಸಿಗಳ ವಿಷಯ ಎಲ್ಲ ಓದ್ತಾ ಇರ್ತಿದ್ದಳು, ಓದಿ ನಿಜವಾಗಿ ಮರುಗುತ್ತಿದ್ದಳು. ಗಂಡನ ಕಂಪನಿಯ ಕೆಲಸದವರನ್ನು ಹೆಸರು ಹಿಡಿದು ಮಾತಾಡಿಸುವವಳು ಅವಳೊಬ್ಬಳೇ. ಮೇಡಂ ಅನ್ಬೇಡ, ಅಕ್ಕ ಅನ್ನು ಅಂತ ಕೃಷ್ಣಪ್ಪನಿಗೆ ಹೇಳಿದ್ದಳು. ಅವನೂ ಅವಳನ್ನು ನಂಬಿದ. ನಂಬಿ ಒಂದು ದಿನ, ತಾನು ಯಾರು ಅಂತ ಅವಳೊಬ್ಬಳಿಗೆ ಹೇಳಿದ.

“ಅಲ್ಲಿಂದ ಶುರು.

“ಇಲ್ಲೇ ನಮ್ಮ ಊದ್ ಮೇಥಾದ ಒಂದು ಹಾಲ್‌ನಲ್ಲಿ ಊರಿನವರದ್ದೆಲ್ಲ ಒಂದು ಸಭೆ ಇಟ್ಟಳು, ಮೂಲನಿವಾಸಿಗಳ ದಿನ ಅಂತ. ಕೃಷ್ಣಪ್ಪನನ್ನು ಸ್ಟೇಜಿನಲ್ಲಿ ಕೂರಿಸ್ಬೇಕು ಅಂತ ಅವಳಿಗೆ. ಅವ ನನ್ನ ಎದುರಿನಲ್ಲೇ ಅವಳಿಗೆ ಹೇಳಿದ, ‘ಬೇಡ ಅಕ್ಕ. ಇಲ್ಲಿ ನಾನು ಬರೀ ಕೃಷ್ಣಪ್ಪ. ನನಗೆ ಅಷ್ಟು ಸಾಕು.’ ನಾಚಿಕೆ ಪಡ್ಬೇಕಾದ್ದು ನೀನಲ್ಲ, ನಾವು, ಅಂದಳು ಅವಳು. ಮಾತು ಸರಿಯೇ. ಆದರೆ ಸರಿಯಾದ ಮಾತಿಗೆ ಬೆಲೆ ಯಾರು ಕೊಡ್ಬೇಕಿತ್ತು? ಅವಳಾ? ಯಜಮಾನರ ಹೆಂಡತಿ ಕರೆದರೆ ಕೆಲಸದವ ಬರುವುದಿಲ್ಲ ಅಂತ ಎಷ್ಟು ಸಲ ಹೇಳ್ಲಿಕ್ಕಾಗ್ತದೆ? ಬಂದು ಕೂತ.

“ಅವಳು ಚಂದ ಮಾತಾಡಿದಳು. ಬ್ರಿಟಿಷರು ಕಾಡಿಗೆ ಬೇಲಿ ಹಾಕಿದ್ದು, ಬುಟ್ಟಿ ಹೆಣೆಯುವವರಿಗೆ ಕಾಡಿನ ಬಳ್ಳಿ ಕಡಿಯುವುದೂ ಅಪರಾಧ ಆದದ್ದು, ಎಲ್ಲ. ಸಭೆ ಜೋರು ಚಪ್ಪಾಳೆ ಹೊಡೆಯಿತು. ಯಾಕೆ ಹೊಡೆಯುವುದಿಲ್ಲ? ಬೈಸಿಕೊಳ್ಳುವವ ಯಾವಾಗಲೋ ಹಡಗು ಹತ್ತಿ ಹೋಗಿ ಆಗಿದೆಯಲ್ಲ. ಕಾಡಿಗೆ ಬೇಲಿ ಹಾಕಿದವ ಇಂಗ್ಲಿಷಿನವ, ಒಪ್ಪಿದೆ. ನಮ್ಮ ಬಾವಿಯ ಹತ್ತಿರ ಬರ್ಬೇಡ ಅಂದವ ಯಾರು? ಅವನೂ ಲಂಡನ್ನಿನಿಂದ ಬಂದದ್ದಾ? ಮತ್ತೆ ಅವಳು ಕೃಷ್ಣಪ್ಪನ ಭುಜ ಹಿಡಿದು, ಇವ ನನ್ನ ಕೊರಗ ತಮ್ಮ, ಅಂದಳು. ಮತ್ತೂ ಜೋರು ಚಪ್ಪಾಳೆ. ಅವ ತಲೆ ಎತ್ತಲಿಲ್ಲ.

“ಕ್ಯಾಂಪಿನಲ್ಲಿ ಮರುದಿನದ ಊಟಕ್ಕೆ ನಮ್ಮ ಊರಿನ ಹುಡುಗರು ಕೃಷ್ಣಪ್ಪನಿಗೆ ಬೇರೆ ತಟ್ಟೆ ತಂದರು. ಯಾರೂ ಏನೂ ಹೇಳ್ಲಿಲ್ಲ, ಬರೀ ತಟ್ಟೆ ತಂದರು. ಪಠಾಣನಿಗೆ ಅರ್ಥ ಆಗ್ಲಿಲ್ಲ, ಅವನಿಗೆ ಹಿಂದಿಯಲ್ಲಿ ಅರ್ಥ ಮಾಡಿಸಿದರು. ನಾನು ಬೈದೆ, ಕೂಗಾಡಿದೆ. ಬೈದರೆ ಕೆಲಸ ಮಾಡಿಸ್ಬಹುದು, ಒಟ್ಟಿಗೆ ಉಣ್ಣಿಸ್ಲಿಕ್ಕೆ ಆಗ್ತದಾ?

“ಅದೇ ಸಮಯಕ್ಕೆ ಸುಮಿತನಿಗೆ ಜ್ವರ ಹಿಡಿಯಿತು. ಇಳಿಯುವ ಜ್ವರ ಅಲ್ಲ. ಡಾಕ್ಟರುಗಳು ರಕ್ತ ತೆಗೆದು ನೋಡಿದರು, ಸ್ಕ್ಯಾನ್ ಮಾಡಿದರು, ಮದ್ದು ಬದಲಿಸಿದರು. ಮಗು ಹಾಸಿಗೆಗೆ ಅಂಟಿಕೊಂಡಿತು. ಆಗ ವಾರಿಜಾಕ್ಷಿ ಅಮ್ಮನಿಗೆ ಊರಿನ ಹಳೆಯದೊಂದು ನೆನಪಾಯಿತು...

“ಅಜಲು ಅಂತ ಕೇಳಿದ್ದೀರಾ? ನೀವು ತುಳುವರು, ನಿಮಗೆ ಗೊತ್ತಿರ್ಬೇಕು. ಮನೆಯಲ್ಲಿ ಯಾರಿಗಾದರೂ ಕಾಯಿಲೆ ಬಿದ್ದರೆ ಅವರ ಕೂದಲು, ಉಗುರು ಕತ್ತರಿಸಿ, ಅನ್ನದಲ್ಲಿ ಕಲಸಿ, ಕೊರಗರನ್ನು ಕರೆದು ತಿನ್ನಿಸುವುದು. ತಿಂದರೆ ಕಾಯಿಲೆ ಅವರಿಗೆ ಹೋಗ್ತದೆ ಅಂತ. ಹಸಿದವರು, ತಿಂತಿದ್ದರು. ಸರಕಾರ ಅದಕ್ಕೆ ನಿಷೇಧ ಹಾಕಿ ಎಷ್ಟೋ ವರ್ಷ ಆಯಿತು. ಕಾನೂನು ಊರಿಗೆ ಬಂತು, ಕೆಲವರ ತಲೆಯ ಒಳಗೆ ಬರ್ಲಿಲ್ಲ. ಅದೇ ಮನೆಯಲ್ಲಿ ದೇವರ ಹಲಗೆಯಲ್ಲಿ, ಕೊರಗರಲ್ಲಿ ಹುಟ್ಟಿ ದೈವ ಆದ ಕೊರಗಜ್ಜನ ಪಟ ಉಂಟು, ಚಕ್ಕುಲಿ ಇಡ್ತಾರೆ, ವೀಳ್ಯ ಇಡ್ತಾರೆ. ಪಟದಲ್ಲಿರುವ ಕೊರಗನಿಗೆ ಚಕ್ಕುಲಿ. ಜೀವ ಇರುವವನಿಗೆ?

“ಕೃಷ್ಣಪ್ಪನನ್ನು ಊಟಕ್ಕೆ ಕರೆಸು ಅಂತ ಅತ್ತೆಯೇ ಬಾಯಿಬಿಟ್ಟು ಹೇಳಿದಾಗ ಅಶ್ಮಿತಾಳಿಗೆ ಕಣ್ಣೀರು ಬಂತಂತೆ. ತನ್ನ ಮಾತು ಕೇಳಿ ಅತ್ತೆ ಬದಲಾದರು ಅಂತ ತಿಳಿದಳು. ಮಧ್ಯಾಹ್ನ ಅವನನ್ನು ಊಟದ ಮೇಜಿನಲ್ಲಿ, ಸಮುದ್ರ ಕಾಣುವ ಕಡೆಗೆ ಕೂರಿಸಿದಳು. ಅತ್ತೆ ಒಳಗೆ ಕಲಸಿ ಕೊಟ್ಟ ಅನ್ನವನ್ನು ತನ್ನ ಕೈಯಿಂದಲೇ ಬಡಿಸಿದಳು. ಅವಳಿಗೆ ಗೊತ್ತಿರ್ಲಿಲ್ಲ. ದೇವರಾಣೆ, ಗೊತ್ತಿರ್ಲಿಲ್ಲ.

“ಅವ ಒಂದು ತುತ್ತು ಬಾಯಿಗಿಟ್ಟ. ನಿಲ್ಲಿಸಿದ. ನಾಲಿಗೆಯಿಂದ ಏನೋ ತೆಗೆದು ಬೆರಳಲ್ಲಿ ಹಿಡಿದು ನೋಡಿದ. ಮತ್ತೆ ಅವಳ ಮುಖ ನೋಡಿದ... ಅವಳು ನಗ್ತಾ, ಇನ್ನೂ ಸ್ವಲ್ಪ ಹಾಕ್ತೇನೆ, ಅಂದಳು. ಹಾಕಿದಳು. ಅವ ಅಷ್ಟೂ ಉಂಡ, ಒಂದು ಅಗುಳು ಬಿಡ್ಲಿಲ್ಲ. ಹೋಗುವಾಗ ಬಾಗಿಲಲ್ಲಿ ನಿಂತು ಹೇಳಿದ, ‘ಅಕ್ಕ, ನಮ್ಮ ಅಮ್ಮನಿಗೆ ಕೊಡುವಾಗ ಅಂಗಳದ ಹೊರಗೆ ಕೂರಿಸಿ ಕೊಡ್ತಿದ್ದರು. ನೀವು ಮೇಜಿನಲ್ಲಿ ಕೂರಿಸಿ ಕೊಟ್ಟಿರಿ.’

“ಅವಳು ಅದನ್ನು ಉಪಕಾರ ನೆನೆದದ್ದು ಅಂತ ತಿಳಿದಳು ಮಾರಾಯ್ರೆ. ನನಗೆ ಫೋನ್ ಮಾಡಿ ಸಂತೋಷದಲ್ಲಿ ಹೇಳಿದಳು.

“ಕ್ಯಾಂಪಿನಲ್ಲಿ ಅವ ಉಣ್ಣುವುದು ಬಿಟ್ಟ. ತಟ್ಟೆ ಮುಂದೆ ಇಟ್ಟುಕೊಂಡು ಅನ್ನವನ್ನು ಬೆರಳಿನಿಂದ ಬಿಡಿಸಿ ಬಿಡಿಸಿ ಹುಡುಕುವುದು, ಹುಡುಕಿ ಹುಡುಕಿ ಎದ್ದು ಹೋಗುವುದು. ಆಸ್ಪತ್ರೆಗೆ ಎಳಕೊಂಡು ಹೋದೆ, ಮಾತ್ರೆ ಕೊಟ್ಟು ಕಳಿಸಿದರು. ಆ ಸೆಕೆಯಲ್ಲಿ ಒಂದು ದಿನ ಕಂಟೈನರಿನ ನೆರಳಿಗೆ ಹೋಗಿ ಮಲಗಿದವ ಏಳ್ಲೇ ಇಲ್ಲ. ಹಾರ್ಟು ಅಂತ ಬರೆದರು. ಖಲಾಸ್.

“ಅಷ್ಟರಲ್ಲಿ ಸುಮಿತನ ಜ್ವರ ಇಳಿದಿತ್ತು. ಮದ್ದಿನಿಂದ ಇಳಿದದ್ದು, ನಾನು ಹೇಳುವುದು. ವಾರಿಜಾಕ್ಷಿ ಅಮ್ಮ ಬೇರೆ ಹೇಳಿದರು. ಕೃಷ್ಣಪ್ಪ ಸತ್ತ ಸುದ್ದಿ ಬಂದಾಗ ಮಗ ಜಯಪಾಲರ ಹತ್ತಿರ, ‘ಹೋಗ್ಬೇಕಾದಲ್ಲಿಗೆ ಹೋಯಿತು ಬಿಡು’ ಅಂದರು. ಅಶ್ಮಿತಾ ಬಾಗಿಲ ಹತ್ತಿರ ನಿಂತು ಕೇಳಿಸಿಕೊಂಡಳು. ಅತ್ತೆಯನ್ನು ಕೆದಕಿ ಕೆದಕಿ ಕೇಳಿ, ಆ ಅನ್ನಕ್ಕೆ ಸುಮಿತನ ಕೂದಲು, ಉಗುರು ಕಲಸಿದ್ದನ್ನು ಬಾಯಿಬಿಡಿಸಿದಳು. ಆಗ ಅವಳಿಗೆ ಆ ಬಾಗಿಲಿನ ಮಾತು ಅರ್ಥ ಆಯಿತು. ನನ್ನನ್ನೇ ಕರೆದು ಅತ್ತಳು. ‘ಅಂಕಲ್, ಅವ ನನಗೆ ಗೊತ್ತಿತ್ತು ಅಂತಲೇ ತಿಳಿದು ಸತ್ತ.’

“ಆ ವಾರವೇ ಅವಳ ಅನ್ನದಲ್ಲಿ ಮೊದಲನೆಯದ್ದು ಸಿಕ್ಕಿತು. ಸಣ್ಣ, ಮೆತ್ತಗಿನ ಕೂದಲು, ಸುಮಿತನದ್ದು. ಮತ್ತೆ ಪ್ರತಿ ಊಟದಲ್ಲಿ. ಹೋಟೆಲಿಂದ ತರಿಸಿದರೆ ಅದರಲ್ಲಿ. ಊರಿಗೆ ಹೊರಟಾಗ ವಿಮಾನದಲ್ಲಿ ಕೊಟ್ಟ ಮುಚ್ಚಿದ ಡಬ್ಬಿ ತೆಗೆದರೆ ಅದರಲ್ಲಿ ಕೂದಲು, ಉಗುರಿನ ಚೂರು...

“ಊರಿಗೆ ಹೋದದ್ದು ಕೃಷ್ಣಪ್ಪನ ತಾಯಿ ಅಪ್ಪಿಯನ್ನು ನೋಡ್ಲಿಕ್ಕೆ. ಮುದುಕಿ ಬುಟ್ಟಿ ಹೆಣೀತಾ ಕೂತಿತ್ತಂತೆ. ಇವಳು ಕಾಲಿಗೆ ಬಿದ್ದು, ನನಗೆ ಗೊತ್ತಿರ್ಲಿಲ್ಲ, ಕ್ಷಮಿಸು ಅಂದಳು. ಅಪ್ಪಿ ಕೈಯ ಕೆಲಸ ನಿಲ್ಲಿಸ್ಲಿಲ್ಲ. ‘ಅವನಿಗೆ ಹೇಳು,’ ಅಂದಿತು. ‘ನನಗೆ ಹೇಳಿ ಎಂತ ಆಗ್ಲಿಕ್ಕುಂಟು?’ ಇವಳು ಏಳದೆ ಅಲ್ಲೇ ಇದ್ದಾಗ ಮತ್ತೊಂದು ಮಾತು ಹೇಳಿತು. ‘ನಾನು ತಿಂದೆ. ನನ್ನ ಅಮ್ಮ ತಿಂದಳು. ಅವಳ ಅಮ್ಮ ತಿಂದಳು. ನಾವು ತಿಂದದ್ದೆಲ್ಲ ಎಲ್ಲಿಗೆ ಹೋಯಿತು ಅಂತ ನೀವು ಒಬ್ಬರಾದರೂ ಕೇಳಿದ್ದುಂಟಾ?’

“ಇವಳು ವಾಪಸು ಬಂದು, ದಿನಾ ಮಧ್ಯಾಹ್ನ ಮೇಜಿನ ಆಚೆ ಬದಿಯಲ್ಲಿ ಅವನಿಗೊಂದು ತಟ್ಟೆ ಇಟ್ಟು ಬಡಿಸ್ಲಿಕ್ಕೆ ಶುರು ಮಾಡಿದಳು. ಬಡಿಸಿ, ಖಾಲಿ ಕುರ್ಚಿಗೆ ಹೇಳುವುದು, ನನಗೆ ಗೊತ್ತಿರ್ಲಿಲ್ಲ ಕೃಷ್ಣಪ್ಪ, ನನಗೆ ಗೊತ್ತಿರ್ಲಿಲ್ಲ. ತನ್ನ ತಟ್ಟೆಯಲ್ಲಿ ಸಿಕ್ಕಿದ ಕೂದಲನ್ನು ತೆಗೆದಿಡುವುದೂ ಬಿಟ್ಟಳು, ಅನ್ನದೊಟ್ಟಿಗೆ ನುಂಗುವುದು. ಎಲ್ಲ ನುಂಗಿ ಮುಗಿಸಿದರೆ ಒಂದು ದಿನ ಖಾಲಿ ಆದೀತು ಅಂತ. ಹುಚ್ಚಿ ಅಂತ ನಾನೂ ತಿಳಿದೆ, ಒಂದು ಮಧ್ಯಾಹ್ನ ಅಲ್ಲಿ ಊಟಕ್ಕೆ ಕೂರುವ ತನಕ. ನಾವು ಉಂಡು ಎದ್ದೆವು. ಆ ಬದಿಯ ತಟ್ಟೆ ನೋಡ್ತೇನೆ... ಯಾರೂ ಮುಟ್ಟದ ಅನ್ನ, ಅಗುಳು ಅಗುಳು ಬಿಡಿಸಿಟ್ಟಿತ್ತು. ಬೆರಳಿನ ಗೆರೆ ಕಾಣ್ತಿತ್ತು.

“ಇಷ್ಟಕ್ಕೇ ಮುಗಿದಿದ್ದರೆ ಅವರ ಮನೆಯ ಪಾಡು ಅವರಿಗೆ ಅಂತ ಹೇಳ್ತಿದ್ದೆ. ಸ್ವಲ್ಪ ಸಮಯದ ಮೇಲೆ ಬಂದ ಕೂದಲು ಸುಮಿತನದ್ದಲ್ಲ. ಉದ್ದದ್ದು, ಗುಂಗುರಿನದ್ದು, ಬಾಣಂತಿಯ ಎಣ್ಣೆ ಹಿಡಿದದ್ದು, ಅರಸಿನ ಹತ್ತಿದ ಉಗುರು. ವಾರಿಜಾಕ್ಷಿ ಅಮ್ಮ ಒಂದು ದಿನ ಗಂಜಿಯಿಂದ ಅಂಥದ್ದೊಂದು ತೆಗೆದು ಅಂಗೈಯಲ್ಲಿ ಇಟ್ಟು ಎಷ್ಟೋ ಹೊತ್ತು ನೋಡಿದರಂತೆ. ‘ಇದು ನನ್ನ ತಮ್ಮನದ್ದು,’ ಅಂದರಂತೆ. ಅವರು ಸಣ್ಣವರಿದ್ದಾಗ ತಮ್ಮನಿಗೆ ಸಿಡುಬು ಬಂದು, ಅವನ ಕೂದಲು ಕಲಸಿದ ಅನ್ನವನ್ನು ಅಂಗಳದ ಹೊರಗೆ ಇಟ್ಟು ಬಂದದ್ದು ಅವರೇ. ಆ ದಿನದಿಂದ ಆ ಹೆಂಗಸಿನ ಗಂಟಲಲ್ಲಿ ಅನ್ನ ಇಳಿಯುವುದಿಲ್ಲ. ಈಗಲೂ ಹಾಸಿಗೆಯಲ್ಲಿದ್ದಾರೆ, ಮೂಗಿನಲ್ಲಿ ನಳಿಗೆ.”

ಪಾಯ್ಸ್ ಅಂಕಲ್ ನಿಲ್ಲಿಸಿದರು. ಆಶ್ಲೆ ಬರೆಯುವುದನ್ನು ಯಾವಾಗಲೋ ಬಿಟ್ಟಿದ್ದಳು. ಅಕ್ಷಿತಾ ನನ್ನ ತೋಳು ಹಿಡಿದುಕೊಂಡಿದ್ದಳು. ಅವಳ ಅಜ್ಜಿಯ ಮನೆಯೂ ದೊಡ್ಡ ಮನೆತನವೇ. ಅಶ್ಮಿತಾಳಿಗೆ ಅವನ ಕ್ಷಮೆ ಸಿಕ್ಕಿತೇ ಎಂದು ಟೀನಾ ಕೇಳಿದಳು.

“ಇಲ್ಲ,” ಅಂದರು. “ಸಿಗ್ತದೆ ಅಂತ ನನಗೆ ಕಾಣುವುದೂ ಇಲ್ಲ. ಅವಳೊಬ್ಬಳು ಕೇಳಿದರೆ ಸಿಗುವಂಥದ್ದಾ ಅದು? ಅವಳು ಇನ್ನೂ ಬಡಿಸ್ತಾಳೆ, ಇನ್ನೂ ನುಂಗ್ತಾಳೆ. ಮುಗಿಯುವುದಿಲ್ಲ. ಕೊಟ್ಟದ್ದು ಒಂದು ಮನೆಯವರಾ? ಒಂದು ಕಾಲದಲ್ಲಾ? ಈಗ ಬೇರೆ ಮನೆಗಳಲ್ಲೂ ಸಿಗ್ತಾ ಉಂಟು ಅಂತ ಕಾಣ್ತದೆ. ಯಾರು ಬಾಯಿಬಿಟ್ಟು ಹೇಳ್ತಾರೆ? ಅಡುಗೆಯವನಿಗೆ ಬೈತಾರೆ, ತೆಗೆದು ತಟ್ಟೆಯ ಬದಿಗಿಟ್ಟು ಉಣ್ತಾರೆ. ನೀವೂ ಹಾಗೆಯೇ ಅಲ್ವಾ ಮಾಡುವುದು? ಇನ್ನು ಮೇಲೆ ಒಮ್ಮೆ ಬೆಳಕಿಗೆ ಹಿಡಿದು ನೋಡಿ, ಯಾರದ್ದು ಅಂತ.”

ಟೀನಾ ಅಡುಗೆಮನೆಯ ಕಡೆ ನೋಡಿದಳು. ಏಳಲಿಲ್ಲ.

“ಟೀನಾ, ನಿನಗೆ ಹೇಳಿರ್ಲಿಲ್ಲ,” ಅಂದರು ಪಾಯ್ಸ್ ಅಂಕಲ್, ದನಿ ತಗ್ಗಿಸಿ. “ನಿನ್ನೆ ಮೀನು ಸಾರಿನಲ್ಲಿ ನನಗೊಂದು ಸಿಕ್ಕಿತು. ಇಷ್ಟುದ್ದ, ಬಿಳಿ. ಇಲ್ಲಿ ಇರುವುದು ನಾವು ಮೂವರು. ನಿನ್ನದು ಕಪ್ಪು, ಮಗುವಿನದ್ದು ಕಪ್ಪು.” ಅವರು ನುಣ್ಣಗಿನ ಬೋಳು ತಲೆಯ ಮೇಲೆ ನಿಧಾನವಾಗಿ ಕೈಯಾಡಿಸಿಕೊಂಡರು. “ಈ ಮನೆಯಲ್ಲಿ ಬಿಳಿ ಕೂದಲು ಯಾರಿಗುಂಟು?”