ಇತಿಹಾಸದ ಚಿತ್ರಪಟಗಳು ಕಳವಾಗಿಲ್ಲವೆಂಬ ಬಗ್ಗೆ

ನನ್ನ ಹೆಸರು ನೀರಜಾಕ್ಷಿ, ಗಂಡ ವಿಠಲ, ಪ್ರಾಯ 54 ವರ್ಷ, ಬಲ್ಮಠದ ಅನುದಾನಿತ ಪ್ರೌಢಶಾಲೆಯೊಂದರಲ್ಲಿ ಸಮಾಜ ವಿಜ್ಞಾನ ಶಿಕ್ಷಕಿ, ವಾಸ ಬಿಜೈ, ಮಂಗಳೂರು. ಇಂದು ಬೆಳಿಗ್ಗೆ ಇದೇ ಠಾಣೆಯಲ್ಲಿ ಕಳವಿನ ದೂರು ಕೊಟ್ಟವಳು ನಾನೇ. ಈಗ ಪುನಃ ಬಂದು ತಿಳಿಸುವುದೇನೆಂದರೆ:

ನಮ್ಮ ಶಾಲೆಯಲ್ಲಿ ಹಿಂದಿನ ಕಾಲದಲ್ಲಿ ಇತಿಹಾಸ ಪಾಠಕ್ಕೆ ಗೋಡೆಗೆ ತೂಗುಹಾಕುತ್ತಿದ್ದ, ಬಣ್ಣದಲ್ಲಿ ಅಚ್ಚಾದ ಚಿತ್ರಪಟಗಳಿವೆ. ದಾಸ್ತಾನು ಪುಸ್ತಕದ ಪ್ರಕಾರ 24. ನಾನು ಚಾರ್ಜ್ ತೆಗೆದುಕೊಳ್ಳುವಾಗ ಪುಸ್ತಕ ನೋಡಿ ಸಹಿ ಹಾಕಿದ್ದೆನೇ ಹೊರತು ಪಟಗಳನ್ನು ಎಣಿಸಿರಲಿಲ್ಲ. ಸ್ಮಾರ್ಟ್ ಬೋರ್ಡ್ ಬಂದ ಮೇಲೆ ಯಾರೂ ಅವನ್ನು ಮುಟ್ಟಿಯೂ ಇರಲಿಲ್ಲ.

ಮಕ್ಕಳ ದಿನದ ಪ್ರದರ್ಶನಕ್ಕೆಂದು ನಿನ್ನೆ ಸಂಜೆ 4.10ಕ್ಕೆ ಕಪಾಟು ತೆರೆಸಿದೆ. ಸುರುಳಿಗಳು 12 ಮಾತ್ರ ಇದ್ದವು. ಕೀಲಿಕೈ ಇರುವುದು ಅಟೆಂಡರ್ ಜಯ, ಪ್ರಾಯ 59, ವಾಸ ಉಳ್ಳಾಲ, ಇವರ ಬಳಿ ಮಾತ್ರ. ಬರುವ ಮೇ ತಿಂಗಳಲ್ಲಿ ಅವರಿಗೆ ನಿವೃತ್ತಿ. ಕೇಳಿದ್ದಕ್ಕೆ ಜಯ, ಪಟಗಳ ಹಿಂಬದಿಯ ಬಟ್ಟೆಗೆ ಗೆದ್ದಲು ಹಿಡಿದ ವರ್ಷ ತೆರೆಸಾ ಟೀಚರ್ ಎರಡೆರಡು ಪಟ ಒಂದರ ಮೇಲೊಂದು ಇಟ್ಟು ಒಂದೇ ಬಟ್ಟೆಗೆ ಹೊಲಿಸಿದ್ದಾರೆ, ಉಳಿದವು ಒಳಗಡೆ ಉಂಟು ಎಂದರು. ನಾನು ಒಂದು ಪಟವನ್ನು ಮಗುಚಿ ನೋಡಿದೆ. ಬಟ್ಟೆ ಮಾತ್ರ ಕಂಡಿತು. ನನಗಿಂತ ಮೊದಲು ಪಟಗಳ ಚಾರ್ಜ್ ಇದ್ದ ತೆರೆಸಾ ಟೀಚರ್ ತೀರಿಕೊಂಡು ಆರು ವರ್ಷವಾಗಿದೆ. ಸತ್ತವರನ್ನು ಸಾಕ್ಷಿಗೆ ಕರೆಯುತ್ತೀರಾ ಎಂದು ಸ್ಟಾಫ್ ರೂಮಿನಲ್ಲಿ ಐದು ಜನರೆದುರು ಕೇಳಿದೆ.

ಇಂದು ಬೆಳಿಗ್ಗೆ 9.40ಕ್ಕೆ ದೂರು ಕೊಟ್ಟೆ. ಅದರಲ್ಲಿ ಜಯ ಹೇಳಿದ ಈ ಮಾತನ್ನು ನಾನು ಬರೆಸಲಿಲ್ಲ. ಮರೆತದ್ದಲ್ಲ. ಬರೆಸಿದರೆ ನನ್ನ ದೂರು ಸಡಿಲವಾಗುತ್ತದೆಂದು ಬಿಟ್ಟೆ.

10.50ಕ್ಕೆ ಪೊಲೀಸರು ಜಯರನ್ನು ಶಾಲೆಯಿಂದ ಜೀಪಿನಲ್ಲಿ ಉಳ್ಳಾಲದ ಮನೆಗೆ ಕರೆದೊಯ್ದು ಹುಡುಕಿದರು. ಏನೂ ಸಿಗದೆ ಠಾಣೆಗೆ ತಂದು ಕೂರಿಸಿದರು.

ಮಧ್ಯಾಹ್ನ 1.20ಕ್ಕೆ ನಾನು ಪ್ರದರ್ಶನದ ತಯಾರಿಗಾಗಿ ಒಂದು ಪಟವನ್ನು ಪಶ್ಚಿಮದ ಕಿಟಕಿಯ ಸರಳಿಗೆ ತೂಗುಹಾಕಿದೆ. ವ್ಯಾಪಾರಿಗಳು ಹಡಗಿನಿಂದ ಇಳಿಯುವ ಚಿತ್ರ ಅದು. ಹಿಂದಿನಿಂದ ಬೆಳಕು ಬಿದ್ದಾಗ ಸಮುದ್ರದ ನಡುವೆ ಆನೆಯ ನಾಲ್ಕು ಕಾಲುಗಳು ಕಂಡವು. ಬ್ಲೇಡಿನಿಂದ ಹೊಲಿಗೆ ಬಿಡಿಸಿದೆ. ಒಳಗೆ ರಾಜರ ಮೆರವಣಿಗೆಯ ಪಟ ಇತ್ತು, ಬಣ್ಣ ಸ್ವಲ್ಪವೂ ಮಾಸಿರಲಿಲ್ಲ. 2.45ರೊಳಗೆ ಹನ್ನೆರಡನ್ನೂ ಬಿಡಿಸಿದೆ. ಒಟ್ಟು 24 ಸರಿಯಾಗಿ ಇವೆ. ಹೊಲಿಗೆ ಜಯರ ಕೈಯದು. ಶಾಲೆಯ ಪರದೆಗಳಿಗೆ ಹಾಕುವ ಅದೇ ಹೊಲಿಗೆ, ನನಗೆ ಗುರುತು ಉಂಟು.

ಮುಖ್ಯೋಪಾಧ್ಯಾಯರಾದ ಚಿತ್ತರಂಜನರು, ಬೇರೆ ಕಪಾಟಿನಲ್ಲಿ ಸಿಕ್ಕಿದವೆಂದು ಬರೆದುಕೊಟ್ಟರೆ ಸಾಕು, ಶಾಲೆಯ ಹೆಸರೂ ಉಳಿಯುತ್ತದೆ, ನನ್ನದೂ ಉಳಿಯುತ್ತದೆ ಎಂದರು. ನಾನು ಒಪ್ಪಲಿಲ್ಲ.

3.30ಕ್ಕೆ ಠಾಣೆಗೆ ಬಂದೆ. ಜಯ ಬೆಂಚಿನ ತುದಿಯಲ್ಲಿ ಕುಳಿತಿದ್ದರು. ಬೆಳಿಗ್ಗೆ ಕಟ್ಟಿ ತಂದ ಬುತ್ತಿ ಮಡಿಲಲ್ಲಿ ಹಾಗೆಯೇ ಇತ್ತು. ನಾನು ಕ್ಷಮೆ ಕೇಳಿದೆ. ನನ್ನೊಡನೆ ಯಾವಾಗಲೂ ತುಳುವಿನಲ್ಲೇ ಮಾತನಾಡುವ ಜಯ, ಘಟ್ಟದ ಮೇಲಿನವರಾದ ಎಸ್.ಐ.ಯವರಿಗೂ ಅರ್ಥವಾಗಲೆಂದು ಕನ್ನಡದಲ್ಲಿ ಹೇಳಿದ ಮಾತನ್ನು ಇದ್ದ ಹಾಗೆಯೇ ಬರೆಸುತ್ತೇನೆ:

"ಜೀಪು ಬಂದದ್ದನ್ನು ಅಕ್ಕಪಕ್ಕದವರೆಲ್ಲ ನೋಡಿದ್ದಾರೆ ಟೀಚರ್. ಅದೇ ಜೀಪಿನಲ್ಲಿ ನನ್ನನ್ನು ಮನೆಗೆ ಬಿಡ್ಲಿ. ನೀವೂ ಬನ್ನಿ. ಹಿಂದೆ ಕೂತ್ಕೊಳ್ಳಿ, ನಾನು ಕೂತ ಜಾಗದಲ್ಲಿ."

ಎಸ್.ಐ.ಯವರು ಅದರ ಅಗತ್ಯವಿಲ್ಲ, ದೂರು ಹಿಂಪಡೆದರೆ ಸಾಕು ಎಂದರು. ಅಗತ್ಯ ಉಂಟು ಎಂದು ನಾನು ಹೇಳಿದೆ. ಜೀಪು ಹೊರಗೆ ನಿಂತಿದೆ. ಸಹಿ ಹಾಕಿದ ಕೂಡಲೇ ಹೋಗಿ ಹಿಂದೆ ಕೂರುತ್ತೇನೆ.

ಈ ಹೇಳಿಕೆಯನ್ನು ನನಗೆ ಓದಿ ಹೇಳಲಾಗಿದೆ. ಇದರಲ್ಲಿರುವುದೆಲ್ಲ ನಾನು ಹೇಳಿದ್ದೇ, ನಿಜವೇ ಆಗಿದೆ. ಬೆಳಗ್ಗಿನ ದೂರಿನ ಕೆಳಗೂ ಇದೇ ಮಾತಿತ್ತು, ಅದಕ್ಕೂ ನಾನು ಸಹಿ ಹಾಕಿದ್ದೆ.

ಸ್ಥಳ: ಮಂಗಳೂರು
ದಿನಾಂಕ: 12-11-2025, ಸಂಜೆ 4.35
ಸಹಿ: ನೀರಜಾಕ್ಷಿ