ನಲವತ್ತು ಓನರುಗಳ ಮನೆ

ಶರಣ ಬಂಧುಗಳೇ, ಕೊಡುವುದು ಸುಲಭ, ಕೊಟ್ಟದ್ದನ್ನು ಬಿಡುವುದು ಕಷ್ಟ. ಯಾಕೆ ಅಂತೀರಾ? ಒಬ್ಬ ಶ್ರೀಮಂತನ ಕಥೆ ಹೇಳುತ್ತೇನೆ. ಊರು ಯಾವುದು ಅಂತ ಮಾತ್ರ ಕೇಳಬೇಡಿ, ನಿಮ್ಮದೇ ಅಂದುಬಿಟ್ಟೇನು.

ಕಥೆಯಲ್ಲಿ ಬರುವ ಶ್ರೀಮಂತರೆಲ್ಲ ಜಿಪುಣರೇ ಆಗಿರಬೇಕಾ? ಇವನು ಧಾರಾಳಿ. ಅವನ ಬೀದಿಯಲ್ಲೊಂದು ಮನೆ ಪಾಳು ಬಿದ್ದಿತ್ತು, ಸೂರು ಕುಸಿದು ಒಳಗೆ ಎಕ್ಕದ ಗಿಡ ಬೆಳೆದಿತ್ತು. ಅದನ್ನು ಕೊಂಡ. ಮಠಕ್ಕೆ ಬರುವ ನಲವತ್ತು ಜನರನ್ನು ಸೇರಿಸಿ, "ಭಾನುವಾರ ಭಾನುವಾರ ಶ್ರಮದಾನ ಮಾಡೋಣ. ರಿಪೇರಿಯಾದ ಮೇಲೆ ಮನೆ ಇಲ್ಲದವರಿಗೆ ಬರೀ ಅಸಲಿಗೆ, ಕಂತಿನ ಮೇಲೆ ಮಾರೋಣ" ಅಂದ. ಒಳ್ಳೆಯ ಮಾತು ತಾನೇ?

ಆ ಮನೆ ಯಾರಿಗೆ ಅಂತ ನಿಶ್ಚಯವಾಯಿತು? ಗಾರೆ ಕೆಲಸದ ಒಬ್ಬ ಹೆಣ್ಣುಮಗಳಿಗೆ. ಇಪ್ಪತ್ತು ವರ್ಷ ಊರವರ ಮನೆಗೆಲ್ಲ ಇಟ್ಟಿಗೆ ಹೊತ್ತವಳು, ಪಿಯುಸಿ ಓದುವ ಮಗಳ ಜೊತೆ ಬಾಡಿಗೆ ಗೂಡಿನಲ್ಲಿದ್ದವಳು. ಅವಳೂ ಬಂದು ದುಡಿಯಬೇಕು ಅನ್ನುವುದು ಕರಾರು.

ಇನ್ನು ಶ್ರಮದಾನ ನೋಡಬೇಕಿತ್ತು! ವಕೀಲರ ಕೈಯಲ್ಲಿ ಕರಣೆ, ಮೇಷ್ಟ್ರ ತಲೆಯ ಮೇಲೆ ಬಾಂಡ್ಲಿ. ವಕೀಲರು ಅವಳಿಗೇ ಸಿಮೆಂಟು ಕಲಸುವುದನ್ನು ಹೇಳಿಕೊಡೋಕೆ ಹೋದರು.

"ಅಣ್ಣಾರೆ," ಅಂದಳು ಆಕೆ, "ಅಂಬಲಿ ಕಾಸ್ತಿದೀರಾ, ಗಾರೆ ಕಲಸ್ತಿದೀರಾ?"

ಮೇಷ್ಟ್ರು ಕಟ್ಟಿದ ಗೋಡೆಯನ್ನು ಸದ್ದಿಲ್ಲದೆ ಎರಡು ಸಲ ಕೆಡವಿ ಕಟ್ಟಿದಳು. ಅವರ ಮನಸ್ಸಿಗೆ ನೋವಾಗದಿರಲಿ ಅಂತ ಅವರು ಊಟಕ್ಕೆ ಹೋದಾಗ!

ಅಂತೂ ಮನೆ ಎದ್ದಿತು. ಹಾಲು ಉಕ್ಕಿಸಿ, ಹೋಳಿಗೆ ಉಂಡು, ಎಲ್ಲರೂ ಕಣ್ಣು ಒರೆಸಿಕೊಂಡರು. ಇಲ್ಲಿಗೆ ಕಥೆ ಮುಗಿಯಬೇಕಿತ್ತು. ಮುಗಿಯಲಿಲ್ಲ ನೋಡಿ.

ಮಾರನೆಯ ಭಾನುವಾರ ವಕೀಲರು ಬೀಗರನ್ನು ಕರೆದುಕೊಂಡು ಸೀದಾ ಒಳಗೆ ಬಂದರು. "ಈ ಟೈಲ್ಸ್ ನಾನೇ ಕೂರಿಸಿದ್ದು!" ಮೇಷ್ಟ್ರು ಬಂದು ಗೋಡೆ ತಟ್ಟಿದರು, ಮೊಳೆ ಹೊಡೆದದ್ದಕ್ಕೆ ಬೈದರು. ಶ್ರೀಮಂತನಂತೂ ವಾಕಿಂಗ್ ಮುಗಿಸಿ ದಿನಾ ಬರುವವನೇ. ಪಾತ್ರೆಯ ಮುಚ್ಚಳ ತೆಗೆದು, "ಇವತ್ತೇನು ಸಾರು?" ಅನ್ನುವನು. ಬಾಗಿಲು ಬಡಿದವರು? ಒಬ್ಬರೂ ಇಲ್ಲ. ತಾವೇ ಕೂರಿಸಿದ ಬಾಗಿಲನ್ನು ಯಾರಾದರೂ ಬಡೀತಾರಾ?

ಮಗಳಿಗೆ ನೆಮ್ಮದಿಯಾಗಿ ಸ್ನಾನ ಮಾಡೋ ಹಾಗಿಲ್ಲ, ಓದೋ ಹಾಗಿಲ್ಲ. ಪರೀಕ್ಷೆ ಹತ್ತಿರ ಬಂದಿತ್ತು. ಒಂದು ದಿನ ಪುಸ್ತಕ ಎತ್ತಿಟ್ಟು ಹೇಳಿದಳು, "ಅವ್ವಾ, ಬಾಡಿಗೆ ಮನೆಗೇ ಹೋಗೋಣ. ಅಲ್ಲಿ ಒಬ್ಬನೇ ಓನರ್ರು. ಇಲ್ಲಿ ನಲವತ್ತು ಜನ!"

ನಗ್ತಿದೀರಿ. ಆ ತಾಯಿ ನಗಲಿಲ್ಲ. ಇಪ್ಪತ್ತು ವರ್ಷದ ಆಸೆ ಅದು. ಮಗಳು ಗಂಟುಮೂಟೆ ಕಟ್ಟಿದರೆ ಮನೆ ಇದ್ದೂ ಇಲ್ಲದ ಹಾಗೆ. ಆದರೆ ಉಪಕಾರ ಮಾಡಿದವರಿಗೆ 'ಬರಬೇಡಿ' ಅನ್ನೋದು ಹೇಗೆ?

ಮಾರನೆಯ ಬೆಳಗ್ಗೆ ಎದ್ದವಳೇ ಶ್ರೀಮಂತನ ಬಂಗಲೆಗೆ ಹೋದಳು. ಬೆಲ್ ಒತ್ತಲಿಲ್ಲ. ಸೀದಾ ಅಡುಗೆಮನೆ. ಮುಚ್ಚಳ ತೆಗೆದು ಮೂಸಿ ನೋಡಿ, "ಅಕ್ಕಾರೆ, ಉಪ್ಪಿಟ್ಟಾ?" ಅಂದಳು. ಯಜಮಾನಿಯ ಕೈಯಲ್ಲಿದ್ದ ಸೌಟು ಹಾಗೇ ನಿಂತಿತು. ಅಲ್ಲಿಂದ ಮಲಗುವ ಕೋಣೆಯ ಗೋಡೆ ತಟ್ಟಿದಳು. ಮುಖಕ್ಕೆ ಅರ್ಧ ಸೋಪಿನ ನೊರೆ ಹಚ್ಚಿಕೊಂಡ ಶ್ರೀಮಂತ ಓಡಿ ಬಂದ.

"ಏನಮ್ಮಾ ಇದು? ಹೇಳದೆ ಕೇಳದೆ ಒಳಗೆ ನುಗ್ಗೋದಾ?"

"ಈ ಗೋಡೆಗೆ ಇಟ್ಟಿಗೆ ಹೊತ್ತವಳು ನಾನಲ್ವಾ ಯಜಮಾನ್ರೆ? ಹೆಂಗಿದೆ ನೋಡಿಕೊಂಡು ಹೋಗೋಣ ಅಂತ ಬಂದೆ."

"ಕೂಲಿ ಕೊಟ್ಟಿದೀನಲ್ಲಮ್ಮಾ! ಕೊಟ್ಟ ಮೇಲೆ ಮನೆ ನನ್ನದು!"

"ನಾನೂ ಕಂತು ಕಟ್ತಿದೀನಲ್ಲಾ ಯಜಮಾನ್ರೆ."

ಅಷ್ಟೇ. ಮೊದಲು ನಕ್ಕವಳು ಯಜಮಾನಿ. "ಕೂತ್ಕೊಳ್ಳವ್ವಾ, ಉಪ್ಪಿಟ್ಟು ತಿಂದು ಹೋಗು. ಹದಿನೈದು ವರ್ಷದಿಂದ ನನ್ನ ಮಾತು ಇವರ ತಲೆಗೆ ಹೋಗಿಲ್ಲ, ನಿಂದಾದರೂ ಹೋಯ್ತು."

ಆ ಭಾನುವಾರ ಶ್ರೀಮಂತ ವಕೀಲರ ಜೊತೆ ಅವಳ ಬಾಗಿಲಿಗೆ ಹೋಗಿ ಹೊರಗೇ ನಿಂತು ತಟ್ಟಿದ. ಬಾಗಿಲು ತೆರೆಯಲಿಲ್ಲ. ಒಳಗಿನಿಂದಲೇ ದನಿ ಬಂತು: "ಮಗಳು ಓದ್ತಾ ಇದಾಳೆ, ಸಂಜೆ ಬನ್ನಿ."

ವಕೀಲರ ಮೂಗಿನ ತುದಿ ಕೆಂಪಾಯಿತು. "ನೋಡಿದ್ರಾ? ನಾವು ಕಟ್ಟಿಕೊಟ್ಟ ಮನೆ!"

ಶ್ರೀಮಂತ ಚಪ್ಪಲಿ ಮೆಟ್ಟಿಕೊಳ್ಳುತ್ತಾ ಅಂದ, "ಸುಮ್ಮನೆ ಬನ್ನಿ ವಕೀಲರೇ. ಮನೆ ಕೆಲಸ ಇವತ್ತು ಮುಗೀತು."

ಬಂಧುಗಳೇ, ಅವರ ಕಥೆ ಆಯಿತು. ನಮ್ಮದು? ಮನೆಗೆಲಸದವಳಿಗೆ ಹಬ್ಬಕ್ಕೆ ಸೀರೆ ಕೊಡ್ತೀವಿ. ಎಂಟೇ ದಿನಕ್ಕೆ, "ಯಾಕೆ ಉಟ್ಟಿಲ್ಲ?" ತಮ್ಮನನ್ನು ಓದಿಸಿದ್ದೀವಿ. ಅವನ ಹೆಂಡತಿ ಯಾವ ಪರದೆ ಹಾಕಬೇಕು ಅನ್ನೋದನ್ನೂ ನಮ್ಮನ್ನೇ ಕೇಳಬೇಕು. ಸೊಸೆಗೆ ಬಳೆ ಹಾಕಿದ್ದೀವಿ. ಆ ಬಳೆಯ ಕಥೆ ಮಾತ್ರ ನೆಂಟರಿಗೆಲ್ಲ ಬಾಯಿಪಾಠ. ಇದು ದಾಸೋಹವಾ? ಅಲ್ಲ, ಇದು ಮೂಗುದಾರ. ನಾವು ಕೊಟ್ಟ ವಸ್ತು ಅವರ ಮನೆಯಲ್ಲಿರುತ್ತೆ, ಹಗ್ಗದ ತುದಿ ನಮ್ಮ ಕೈಯಲ್ಲಿರುತ್ತೆ.

ಹೆಚ್ಚೇನೂ ಬೇಡ. ಈ ವಾರ ಯಾರಿಗಾದರೂ ಏನಾದರೂ ಕೊಟ್ಟರೆ, ಅದನ್ನು ಏನು ಮಾಡಿದರು ಅಂತ ಕೇಳಬೇಡಿ. ನಾಲಿಗೆ ತುರಿಸುತ್ತೆ, ಗೊತ್ತು. ಒಂದು ಲೋಟ ನೀರು ಕುಡಿಯಿರಿ. ನೀವು ಕೈಹಿಡಿದು ಮೇಲೆ ತಂದವರು ಒಂದು ದಿನ ನಿಮಗೆ 'ಬೇಡ' ಅಂದರೆ, ಕೃತಘ್ನರು ಅಂತ ಊರೆಲ್ಲ ಸಾರಬೇಡಿ. ಅವರು ತಮ್ಮ ಕಾಲ ಮೇಲೆ ನಿಂತರು. ನೀವು ಬೇಡಿಕೊಂಡದ್ದೂ ಅದನ್ನೇ ಅಲ್ಲವಾ?