ಅಣ್ಣನ ಹಲಗೆ ಗುರುತುಗಳಿದ್ದ ರೋಲ್ ಹಾಳು ಮಾಡಿದ ಬಗ್ಗೆ

ನಾನು, ಓಣಿಯವರೆಲ್ಲ ‘ಸ್ಟುಡಿಯೋ ಅಕ್ಕ’ ಎಂದೇ ಕರೆಯುವವಳು, ವಯಸ್ಸು 54 ವರ್ಷ, ಉದ್ಯೋಗ ಫೋಟೋ ಸ್ಟುಡಿಯೋದಲ್ಲಿ ಫಿಲ್ಮ್ ರೋಲ್ ತೊಳೆದು ಪ್ರಿಂಟ್ ಹಾಕುವುದು, ವಾಸ ಮನೆ ಸಂಖ್ಯೆ 14, ಎರಡನೇ ಮಹಡಿ, ಹಳೆಯ ಬಸ್ ನಿಲ್ದಾಣದ ಹಿಂದಿನ ರಸ್ತೆ, ಇಂದು ಠಾಣೆಗೆ ಖುದ್ದಾಗಿ ಬಂದು ಈ ಮೂಲಕ ತಿಳಿಸುವುದೇನೆಂದರೆ:

ನನ್ನ ಅಣ್ಣ ಮೂವತ್ತು ವರ್ಷ ಸೆಂಟ್ರಿಂಗ್ ಮೇಸ್ತ್ರಿಯಾಗಿದ್ದವನು. ಕಾಂಕ್ರೀಟ್ ಸುರಿಯುವ ಮುನ್ನ ಹಲಗೆ ಜೋಡಿಸಿ ಅಚ್ಚು ಕಟ್ಟುವುದು ಅವನ ಕೆಲಸ. ಹಲಗೆ ಬಿಚ್ಚಿದ ದಿನವೇ ಅವನ ತಂಡ ಮುಂದಿನ ಊರಿಗೆ ಹೊರಡುತ್ತಿದ್ದುದರಿಂದ ತಾನು ದುಡಿದ ಒಂದು ಕಟ್ಟಡವನ್ನೂ ಅವನು ಪೂರ್ತಿಯಾಗಿ ಕಂಡಿಲ್ಲ. ಪ್ಲಾಸ್ಟರ್ ಇಲ್ಲದ ಆ ಗೋಡೆಗಳ ಮೇಲೆ ಹಲಗೆಯ ಗೆರೆ, ಗಂಟು ಎಲ್ಲ ಹಾಗೆಯೇ ಅಚ್ಚಾಗಿ ಉಳಿದಿವೆ. ಈಗ ಅವನ ಕಣ್ಣು ಮಂಜಾಗಿದೆ. ಎರಡು ತಿಂಗಳಲ್ಲಿ ಪೂರ್ತಿ ಹೋಗುತ್ತದೆಂದು ವೈದ್ಯರು ಹೇಳಿದ್ದಾರೆ. ಭೂತಗನ್ನಡಿ ಹಿಡಿದರೆ ಕಾಗದದ ಮೇಲಿನದು ಕಾಣುತ್ತದೆ, ಮೊಬೈಲಿನ ಬೆಳಕಿಗೆ ಕಣ್ಣು ಉರಿಯುತ್ತದೆ. ಅದಕ್ಕೇ ಅವನು ದುಡಿದ ಕಟ್ಟಡಗಳ ಫೋಟೋ ತೆಗೆಯಲೆಂದು ನಾನು ರೋಲ್ ಕ್ಯಾಮೆರಾ ಹಿಡಿದು ಒಂಬತ್ತು ದಿನಗಳಲ್ಲಿ ಐದು ನಗರ ಸುತ್ತಿದೆ. ಒಂದು ರೋಲಿನ ಫೋಟೋಗಳನ್ನೆಲ್ಲ ಸಾಲಾಗಿ ಒಂದೇ ಹಾಳೆಗೆ ಪ್ರಿಂಟ್ ಹಾಕಬಹುದು; ಹಾಗೆ ಎಲ್ಲವೂ ಒಂದೇ ಹಾಳೆಯ ಮೇಲೆ ಬೇಕೆಂದು ಅಣ್ಣ ಕೇಳಿದ್ದರಿಂದ ಐದು ಊರಿಗೂ ಒಂದೇ ರೋಲ್ ಹಾಕಿದ್ದೆ. ಇದು ನನ್ನ ತಪ್ಪು. ಹೀಗೆ ಮಾಡಬೇಡಿ ಎಂದು ಗಿರಾಕಿಗಳಿಗೆ ಬುದ್ಧಿ ಹೇಳುತ್ತ ಬಂದವಳು ನಾನೇ.

ಇಂದು ಬೆಳಿಗ್ಗೆ 10:20ಕ್ಕೆ ಐದನೆಯ ಕಟ್ಟಡವಾದ ಹನ್ನೊಂದು ಮಹಡಿಯ ಕಚೇರಿಯ ಎದುರು, ಗೇಟಿನಿಂದ 18 ಅಡಿ ದೂರದ ಪಾದಚಾರಿ ಹಾದಿಯಲ್ಲಿ ನಿಂತು 33ನೇ ಫೋಟೋ ತೆಗೆದೆ. 10:22ಕ್ಕೆ ಕಾವಲುಗಾರ ಬಂದು ಯಾರ ಅನುಮತಿ ಎಂದು ಕೇಳಿದ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಅವನು ಕಾಯಬೇಕಾದದ್ದು ಗೇಟನ್ನು, ರಸ್ತೆಯನ್ನಲ್ಲ. ಅದೇ ಹೊತ್ತಿಗೆ ಗೇಟಿನ ಒಳಗೆ ಮೂವರು ಅದೇ ಗೋಡೆಗೆ ಒರಗಿ, ಹಲ್ಲು ಕಿರಿಯುತ್ತ ಮೊಬೈಲಿನಲ್ಲಿ ಫೋಟೋ ತೆಗೆದುಕೊಳ್ಳುತ್ತಿದ್ದರು. ಅವರಿಗಿಲ್ಲದ ಕಾನೂನು ನನಗೆ. ಫೋಟೋ ಅಳಿಸು ಎಂದು ಅವನು ಒತ್ತಾಯಿಸಿದ. “ಇದರಲ್ಲಿ ಅಳಿಸೋಕೆ ಬರಲ್ಲಪ್ಪ, ರೋಲ್ ಇದೆ,” ಎಂದೆ. ನಾನು ಸುಳ್ಳು ಹೇಳುತ್ತಿದ್ದೇನೆಂದು ಭಾವಿಸಿ ಕ್ಯಾಮೆರಾ ಕಿತ್ತುಕೊಂಡು, ತಿರುಗಿಸಿ ತಿರುಗಿಸಿ ಪರದೆ ಹುಡುಕಿದ. ಪರದೆ ಇದ್ದರಲ್ಲವೇ ಸಿಗುವುದು. ಮೆಮೊರಿ ಕಾರ್ಡ್ ಒಳಗಿರಬೇಕೆಂದು ಸುಡುಬಿಸಿಲಿನಲ್ಲಿ ಹಿಂದಿನ ಮುಚ್ಚಳ ತೆರೆದ. ನಾನು ಕೂಗುವಷ್ಟರಲ್ಲಿ ರೋಲನ್ನು ಪೂರ್ತಿ ಹೊರಗೆಳೆದು ರಿಬ್ಬನ್ನಿನಂತೆ ಕೈಯಲ್ಲಿ ಹಿಡಿದಿದ್ದ. ಬೆಳಕು ತಾಗಿದ ರೋಲ್ ತೊಳೆದರೆ ಕಪ್ಪು ಪಟ್ಟಿ ಬಿಟ್ಟು ಬೇರೇನೂ ಬರುವುದಿಲ್ಲ.

10:50ಕ್ಕೆ ಮ್ಯಾನೇಜರ್ ಇಳಿದು ಬಂದರು. ಆಗಿದ್ದು ಆಗಿಹೋಯಿತು, ಹೊಸ ರೋಲ್ ಕೊಡಿಸುತ್ತೇವೆ ಎಂದರು. ಎರಡನೆಯ ನಗರದ ಗ್ರಂಥಾಲಯವನ್ನು ನಾನು ಫೋಟೋ ತೆಗೆದ ಮರುದಿನವೇ ಕೆಡವಿದ್ದಾರೆ, ಅದನ್ನು ಯಾವ ಹೊಸ ರೋಲಿನಲ್ಲಿ ಹಿಡಿಯಲಿ ಎಂದು ಕೇಳಿದೆ. ಗಾಯದ ಮೇಲೆ ಬರೆ ಎಳೆದಂತೆ ಅವರು ಹೇಳಿದ್ದಿಷ್ಟು: “ಸೋಮವಾರದಿಂದ ಈ ಗೋಡೆಗೆಲ್ಲ ಅಲ್ಯೂಮಿನಿಯಂ ಹಾಳೆ ಹೊದಿಸ್ತೀವಿ. ಆಮೇಲೆ ಬನ್ನಿ, ನೋಡೋಕೆ ಲಕ್ಷಣವಾಗಿರುತ್ತೆ.”

11:15ಕ್ಕೆ ಅಣ್ಣನಿಗೆ ಫೋನ್ ಮಾಡಿ ನಡೆದದ್ದನ್ನು ಹೇಳಿದೆ. ಅವನು, “ಗೋಡೆ ಮೂಲೆ ನೇರ ಇದೆಯೇನಮ್ಮ?” ಎಂದಷ್ಟೇ ಕೇಳಿದ. ನೂಲು ಹಿಡಿದಷ್ಟು ನೇರ ಇದೆ ಎಂದೆ. ಅವನು ಬೈದಿದ್ದರೆ ನನಗೆ ಇಷ್ಟು ಸಿಟ್ಟು ಬರುತ್ತಿರಲಿಲ್ಲ.

ಕಾವಲುಗಾರನನ್ನು ಕೆಲಸದಿಂದ ತೆಗೆಯುವುದು ನನಗೆ ಬೇಡ. ಹೊಸ ರೋಲೂ ಬೇಡ. ಶನಿವಾರದೊಳಗೆ ಅಣ್ಣನನ್ನು ಊರಿನಿಂದ ಬಸ್ಸಿನಲ್ಲಿ ಕರೆತರುತ್ತೇನೆ. ಹಾಳೆ ಹೊದಿಸುವ ಮುನ್ನ ಮ್ಯಾನೇಜರೇ ಗೇಟು ತೆರೆದು, ಅವನ ಕೈ ಹಿಡಿದು ಗೋಡೆಯವರೆಗೆ ಕರೆದೊಯ್ಯುವಂತೆ ತಾವು ಆದೇಶಿಸಬೇಕು. ಗೋಡೆಯಲ್ಲಿ ಉಳಿದ ತನ್ನ ಹಲಗೆಯ ಗೆರೆಯನ್ನು ಅವನು ಬೆರಳಿನಿಂದಲೇ ಗುರುತು ಹಿಡಿಯುತ್ತಾನೆ. ಅವನು ಸಾಕು ಎನ್ನುವವರೆಗೆ ಯಾರೂ ಅವನನ್ನು ಅಲ್ಲಿಂದ ಕದಲಿಸಬಾರದು.

ಇದಿಷ್ಟೂ ನನ್ನ ಕಣ್ಣೆದುರು ನಡೆದ ನಿಜ; ಬರೆದುಕೊಂಡದ್ದನ್ನು ಓದಿಸಿ ಕೇಳಿ, ಸರಿಯಿದೆ ಎಂದು ಸಹಿ ಮಾಡಿದ್ದೇನೆ.

ಸ್ಥಳ: ಪೊಲೀಸ್ ಠಾಣೆ
ದಿನಾಂಕ: 12-03-2019, ಮಧ್ಯಾಹ್ನ 1:10
ಸಹಿ/- ದೂರುದಾರಳು